ವಲಸೆ ಸೊನ್ನೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮುಂದಿನ ಜನಸಂಖ್ಯೆ ಲೆಕ್ಕ ಹಾಕುವ ಸಾಫ್ಟ್‌ವೇರ್ ಹೊಸದಾಗಿ ಬಂದಾಗ, ನಾವು ಕೂತ ಕೋಣೆಯನ್ನೇ ಒಂದು ಊರೆಂದುಕೊಂಡು ಪರೀಕ್ಷಿಸುವುದು ನಮ್ಮ ಕಚೇರಿಯ ರೂಢಿ. ಆ ಮಧ್ಯಾಹ್ನ ಒಳಗಿದ್ದವರು ನಾನು ಮತ್ತು ನಮ್ಮ ಸೆಕ್ಷನ್ನಿನ ಅಕ್ಕ, ಇಬ್ಬರೇ. ಈಗಿನ ಜನಸಂಖ್ಯೆ ಎರಡು ಅಂತ ಹಾಕಿ, ಹುಟ್ಟು, ಸಾವು, ವಲಸೆ ಎಲ್ಲಕ್ಕೂ ಸೊನ್ನೆ ಕೊಟ್ಟೆ. ಉತ್ತರ ಮೂರು ಬಂತು.

"ಇನ್ನೊಬ್ರು ಯಾರಪ್ಪಾ?" ಅಕ್ಕ ನಕ್ಕರು.

ಅಷ್ಟರಲ್ಲಿ ಕರೆಂಟ್ ಹೋಯಿತು. ಖಾಲಿ ಕುರ್ಚಿ ಕಿರುಗುಟ್ಟಿತು. ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ.

"ವಲಸೆ ಸೊನ್ನೆ ಹಾಕಿದ್ದೀಯಲ್ಲ, ಯಾರೂ ಹೊರಗೆ ಹೋಗೋ ಹಾಗಿಲ್ಲ. ಬದಲಾಯ್ಸು," ಅಂದರು ಅಕ್ಕ.

ಲ್ಯಾಪ್‌ಟಾಪಿನಲ್ಲಿ, ಹೊರಹೋಗುವವರು ಎರಡು ಎಂದು ಒತ್ತಿದೆ. ಬಾಗಿಲು ತಾನಾಗಿ ತೆರೆಯಿತು. ಕತ್ತಲಲ್ಲಿ ಅಕ್ಕನ ಕೈ ಹಿಡಿದು ಓಡಿದೆ. ಕೈ ತಣ್ಣಗಿತ್ತು, ಹೆದರಿಕೆಗೆ ಇರಬೇಕು ಅಂದುಕೊಂಡೆ. ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಒಳಗಿನಿಂದ ಅಕ್ಕ ಕೂಗಿದರು: "ನನ್ನೊಬ್ಳನ್ನೇ ಬಿಟ್ಟು ಹೋಗ್ತಿದ್ದೀಯಾ?"

ನಾನು ಕೈ ಬಿಟ್ಟೆ. ಆ ಕೈ ನನ್ನನ್ನು ಬಿಡಲಿಲ್ಲ.