ಗಾಲಿಯ ಮುಂದಿನ ನಿಂಬೆಹಣ್ಣು

ಕಂಡದ್ದನ್ನಷ್ಟೇ ಬರೆಯುತ್ತೇನೆ. ಅಪ್ಪ ಇಪ್ಪತ್ತು ವರ್ಷ ಓಡಿಸಿದ ಗೂಡ್ಸ್ ರೈಲಿನ ಎಂಜಿನನ್ನು ಮರುದಿನ ಗುಜರಿಗೆ ಕತ್ತರಿಸುವವರಿದ್ದರು. ಹಾಸಿಗೆ ಹಿಡಿದಿದ್ದ ಅವರಿಗೆ ನಂಬರು ಕಾಣುವಂಥ ಒಂದು ಫೋಟೊ ಬೇಕಿತ್ತು.

"ಮುಂದಿನ ಗಾಲಿಗೆ ನಿಂಬೆಹಣ್ಣು ಇಡು ನಲಿನಿ. ಇಡದ ನಾ ಎಂದೂ ಗಾಡಿ ಬಿಟ್ಟಿಲ್ಲ."

"ನಾಕು ವರ್ಷದಿಂದ ನಿಂತಲ್ಲೇ ಐತಿ, ಇನ್ನೆಲ್ಲಿಗೆ ಹೋಗ್ತೈತಪ್ಪಾ?"

"ನಿನಗ್ಯಾಕವ್ವಾ? ನೀ ಇಡು."

ಮನೆಯಿರುವ ತಾರ್ನಾಕದಿಂದ ಆಟೋ ಹಿಡಿದು ರೈಲ್ವೆ ಯಾರ್ಡ್ ತಲುಪಿದಾಗ ಮೇ ತಿಂಗಳ ಮೂರು ಗಂಟೆಯ ಬಿಸಿಲು. ಪರವಾನಗಿ ಪತ್ರವನ್ನು ಎರಡೆರಡು ಸಲ ನೋಡಿಕೊಂಡು ಒಳಹೋದೆ. ಉಳಿದ ಎಂಜಿನ್‌ಗಳು ಮುಟ್ಟಿದರೆ ಸುಡುತ್ತಿದ್ದವು. ಅಪ್ಪನದು ನೀರಿನ ಮಡಕೆಯಂತೆ ತಣ್ಣಗಿತ್ತು. ಮುಂದಿನ ಗಾಲಿಯಿಂದ ಹಳಿಗೆ ಜೇಡ ಬಲೆ ಕಟ್ಟಿತ್ತು. ಆ ಗಾಲಿಯ ಮುಂದೆ ನಿಂಬೆಹಣ್ಣಿಟ್ಟು ಫೋಟೊ ತೆಗೆದೆ. ಫೋಕಸ್ ನಿಂಬೆಹಣ್ಣಿನ ಮೇಲೆ ಬಿದ್ದು ನಂಬರು ಮಸುಕಾಯಿತು. ಅಷ್ಟರಲ್ಲಿ ಆ ತಣ್ಣನೆಯ ಎಂಜಿನಿನಿಂದ ಬಿಸಿ ಡೀಸೆಲ್ ವಾಸನೆ ಬಂತು. ಓಡಿಹೋಗೋಣವೆನಿಸಿತು. ಆದರೆ ಅಪ್ಪನಿಗೆ ಮಸುಕು ಫೋಟೊ ಒಯ್ಯಲಾರೆ ಎಂದು ಹಲ್ಲು ಕಚ್ಚಿ ನಿಂತು, ಮತ್ತೊಂದು ತೆಗೆದೇ ಬಂದೆ.

ಮನೆಯಲ್ಲಿ ಅಪ್ಪ ಎರಡನೆಯ ಫೋಟೊದ ನಂಬರಿನ ಮೇಲೆ ಬೆರಳಾಡಿಸಿ, "ಗಾಡಿ ಹೊಂಟೈತಲ್ಲ," ಎಂದರು.

ಎರಡೂ ಫೋಟೊ ನನ್ನ ಬಳಿ ಇವೆ. ಮೊದಲನೆಯದರಲ್ಲಿ ನಿಂಬೆಹಣ್ಣು ಇಡಿಯಾಗಿದೆ. ನಿಮಿಷದ ನಂತರ ತೆಗೆದದ್ದರಲ್ಲಿ ಅಪ್ಪಚ್ಚಿಯಾಗಿ ಹಳಿಗೆ ಅಂಟಿಕೊಂಡಿದೆ. ಜೇಡರ ಬಲೆ ಮಾತ್ರ ಎರಡರಲ್ಲೂ ಹಾಗೆಯೇ ಇದೆ. ಒಂದು ಎಳೆಯೂ ಹರಿದಿಲ್ಲ.