ನಡುವಿನ ತುಂಡು

"ಅಕ್ಕಾ, ನಿನ್ನ ಬಟ್ಟೆಗೆ ಸೊಂಟ ಬಂದಿದೆ!"

ಆಮೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೆ ಎಂದರೆ ಚಿಪ್ಪಿನ ಆಮೆಯಲ್ಲ, ಒಂದನೇ ಕ್ಲಾಸಿನ ಹುಡುಗ. ಎರಡು ಶೂ ಹಾಕಿಕೊಳ್ಳಲು ಅವನಿಗೆ ಇಪ್ಪತ್ತು ನಿಮಿಷ ಬೇಕು. ಅದಕ್ಕೇ ಮನೆಯಲ್ಲಿ ಆ ಹೆಸರು. ಅವನ ಅಕ್ಕನ ಹೆಸರು ಸ್ಪ್ಯಾನರ್. ಅಪ್ಪ ಪ್ಲಂಬರ್. ಸ್ಪ್ಯಾನರ್ ಹಿಡಿದು ಅಡುಗೆಮನೆಯ ನಲ್ಲಿಯನ್ನು ಬಿಗಿ ಮಾಡಿದಾಗ ಅವಳಿಗೆ ಬರೀ ಐದು ವರ್ಷ. ಅವಳು ಮುಚ್ಚಿದ ಬಾಟಲಿಯ ಮುಚ್ಚಳ ತೆಗೆಯಲು ಇವತ್ತಿಗೂ ಅಪ್ಪನೇ ಬರಬೇಕು.

"ಸೊಂಟಾನೂ ಇಲ್ಲ, ಕುತ್ತಿಗೆನೂ ಇಲ್ಲ. ನಿನ್ನ ಕೆಲಸ ನೋಡ್ಕೊಳ್ಳೋ" ಎಂದಳು ಸ್ಪ್ಯಾನರ್.

ಆದರೂ ಸ್ಕೇಲು ತಂದು, ಮಗ್ಗದ ಮೇಲಿದ್ದ ಬಟ್ಟೆಯನ್ನು ಅಳೆದಳು. ಬಟ್ಟೆಯ ಬುಡದಲ್ಲಿ ಹದಿನೈದು ಸೆಂಟಿಮೀಟರ್. ಈಗ ನೇಯುತ್ತಿದ್ದ ಸಾಲಿನ ಹತ್ತಿರ ಹನ್ನೊಂದೂವರೆ.

ಮಗ್ಗ ಎಂದರೆ ದೊಡ್ಡದೇನಲ್ಲ. ಫ್ಯಾನು ಬಂದಿದ್ದ ಡಬ್ಬದ ಒಂದು ರಟ್ಟು. ಅದರ ಮೇಲಂಚಿಗೆ ಹದಿನಾರು, ಕೆಳಂಚಿಗೆ ಹದಿನಾರು ಕಚ್ಚು, ಸೆಂಟಿಮೀಟರಿಗೆ ಒಂದರಂತೆ. ಕಚ್ಚಿನಿಂದ ಕಚ್ಚಿಗೆ ಉದ್ದಕ್ಕೆ ಕಟ್ಟಿದ ಹತ್ತಿ ದಾರ ಹಾಸು. ದಬ್ಬಳಕ್ಕೆ ಉಲ್ಲನ್ ದಾರ ಪೋಣಿಸಿ, ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ ಎಂದು ಅಡ್ಡಕ್ಕೆ ತೂರಿಸಿದರೆ ಅದು ಹೊಕ್ಕು. ಸಾಲು ಮುಗಿದಾಗ ಬಾಚಣಿಗೆಯಿಂದ ಕೆಳಕ್ಕೆ ಒತ್ತಬೇಕು. ಅಷ್ಟೆ.

"ಇಪ್ಪತ್ತೈದು ಮಕ್ಕಳು, ಇಪ್ಪತ್ತೈದು ತುಂಡು. ಎಲ್ಲಾ ಸೇರಿಸಿ ಹೊಲಿದು ಲೈಬ್ರರಿ ಗೋಡೆಗೆ ಹಾಕ್ತೀನಿ" ಎಂದಿದ್ದರು ಕ್ರಾಫ್ಟ್ ಮಿಸ್. "ಹದಿನೈದಕ್ಕೆ ಹದಿನೈದು. ಅರ್ಧ ಸೆಂಟಿಮೀಟರ್ ಹೆಚ್ಚುಕಮ್ಮಿ ಆದ್ರೆ ಹೊಂದಿಸ್ಕೋತೀನಿ. ಅದಕ್ಕಿಂತ ಕಮ್ಮಿಯಾದ್ರೆ ಹೊಲಿಯೋಕಾಗಲ್ಲ."

ಕ್ಲಾಸಿನಲ್ಲಿ ಮೊದಲು ಹಾಸು ಕಟ್ಟಿ ಮುಗಿಸಿದವಳು ಸ್ಪ್ಯಾನರ್. ಬೇಕಾದ ಜಾಗ ಆರಿಸಿಕೋ ಎಂದಿದ್ದರು ಮಿಸ್. ಅವಳು ನಟ್ಟನಡುವಿನ ಜಾಗ ಕೇಳಿದ್ದಳು. ಅಷ್ಟಕ್ಕೇ ಸುಮ್ಮನಾಗದೆ, "ಎಲ್ಲರ ಕಣ್ಣು ಮೊದಲು ನನ್ನ ತುಂಡಿನ ಮೇಲೇ ಬೀಳೋದು" ಎಂದು ಕ್ಲಾಸಿಗೆಲ್ಲ ಡಂಗುರ ಸಾರಿದ್ದಳು.

ನಾಳೆ ಸೋಮವಾರ. ಮೊದಲ ಪೀರಿಯಡ್ಡಿಗೇ ಹೊಲಿಗೆ. ಸರಿಹೋಗದಿದ್ದರೆ ನಡುವೆ ಒಂದು ತೂತು!

ಅಪ್ಪ ತಲೆ ಒರೆಸಿಕೊಳ್ಳುತ್ತ ಬಂದ. "ಏನಮ್ಮಾ ಸ್ಪ್ಯಾನರ್, ಮುಖ ಯಾಕೆ ಕೆಟ್ಟುಹೋದ ನಲ್ಲಿ ತರ ಇದೆ?"

"ಬಟ್ಟೆ ಸಣ್ಣ ಆಗ್ತಾ ಇದೆ ಅಪ್ಪಾ."

ಅಪ್ಪ ಮಗ್ಗ ಎತ್ತಿಕೊಂಡು, ಪೈಪು ಎಲ್ಲಿ ಸೋರುತ್ತಿದೆ ಎಂದು ನೋಡುವವನ ಹಾಗೆ ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದ. "ಬಿಗಿಯಾಗಿ ಎಳೆದ್ಯಾ?"

"ಪ್ರತಿ ಸಾಲೂ ಎಳೆದಿದ್ದೀನಿ."

"ಎಲ್ಲೋ ಲೂಸ್ ಬಿಟ್ಟಿರ್ತೀಯ. ಇನ್ನೂ ಸ್ವಲ್ಪ ಎಳಿ."

ಸ್ಪ್ಯಾನರ್ ಹಲ್ಲು ಕಚ್ಚಿ ಇನ್ನೂ ಮೂರು ಸಾಲು ನೇಯ್ದಳು. ಬೆರಳು ಕೆಂಪಗಾಗುವಷ್ಟು ಎಳೆದಳು. ಸ್ಕೇಲು ಇಟ್ಟಳು. ಹನ್ನೊಂದು!

"ಎರಡೂ ಕಡೆ ಕ್ಲಾಂಪ್ ಹಾಕಿಬಿಡೋಣ್ವಾ?" ಎಂದ ಅಪ್ಪ.

"ಅಪ್ಪಾ, ಇದು ಪೈಪಲ್ಲ!"

"ಹೌದಲ್ಲ" ಎಂದು ಅಪ್ಪ ತಲೆ ಕೆರೆದುಕೊಂಡ. "ನೀರು ಬರೋ ಸಾಮಾನಾಗಿದ್ರೆ ಚಿಟಿಕೆ ಹೊಡೆಯೋದ್ರಲ್ಲಿ ಸರಿ ಮಾಡ್ತಿದ್ದೆ." ಅವನು ಮೆಲ್ಲಗೆ ಜಾಗ ಖಾಲಿ ಮಾಡಿದ.

ಕಿಟಕಿಯ ಕೆಳಗೆ ಆಮೆ ತನ್ನ ಪಾಡಿಗೆ ಫೋರ್ಕಿನಿಂದ ಟುಕ್ ಟುಕ್ ಎಂದು ಒತ್ತುತ್ತಿದ್ದ. ಕಾಟ ಕೊಡದೆ ಇರಲಿ ಎಂದು ಅವಳೇ ಅವನಿಗೂ ಎಂಟು ಕಚ್ಚಿನ ಪುಟ್ಟ ಮಗ್ಗ ಮಾಡಿಕೊಟ್ಟಿದ್ದಳು. ದಬ್ಬಳ ಚುಚ್ಚೀತೆಂದು ತೂತು ಕೊರೆದ ಐಸ್‌ಕ್ರೀಂ ಕಡ್ಡಿ ಕೊಟ್ಟಿದ್ದಳು. ಅವನು ನೇಯುವುದನ್ನು ನೋಡಿದರೆ ಅವಳಿಗೆ ಮೈ ಉರಿಯುತ್ತಿತ್ತು. ಬೆಳಗಿನಿಂದ ಒಂದೇ ಮಾತು: "ಎಳಿಯೋ! ಬಟ್ಟೆ ಒಣಹಾಕೋ ಹಗ್ಗದ ಹಾಗೆ ಜೋತು ಬಿದ್ದಿದೆ. ಬಿಚ್ಚು ಅದನ್ನ!" ಅವನ ಬಟ್ಟೆಯ ಎರಡೂ ಬದಿಗೆ ದಾರ ಕಿವಿಗಳ ಹಾಗೆ ಹೊರಗೆ ಇಣುಕುತ್ತಿತ್ತು.

"ತಾ ಇಲ್ಲಿ. ನಿಂದು ಎಷ್ಟು ಕೆಟ್ಟಿದೆ ನೋಡೋಣ" ಎಂದು ಅವಳು ಕಸಿದುಕೊಂಡು ಸ್ಕೇಲು ಇಟ್ಟಳು.

ಬುಡದಲ್ಲಿ ಏಳು. ನಡುವೆ ಏಳು. ಮೇಲೆ? ಏಳು.

ಸ್ಕೇಲು ತಿರುಗಿಸಿ ಮತ್ತೆ ಅಳೆದಳು. ಏಳೇ.

"ಏನೋ ಮಾಡ್ದೆ ನೀನು?"

ಆಮೆ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ನಾನೇನೂ ಮಾಡಿಲ್ಲ!"

"ಬೈಯಲ್ಲ ಕಣೋ. ಇನ್ನೊಂದು ಸಾಲು ಹಾಕು. ನಿಧಾನಕ್ಕೆ."

"ನಾನು ಯಾವಾಗ್ಲೂ ನಿಧಾನಕ್ಕೇ ಹಾಕೋದು."

ಅವನು ಕಡ್ಡಿಯನ್ನು ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ತೂರಿಸಿ ಆಚೆ ತೆಗೆದ. ಎಳೆಯಲಿಲ್ಲ. ದಾರ ಪುಟ್ಟ ಗುಡ್ಡದ ಹಾಗೆ ಬಾಗಿ ನಿಂತಿತು. ಆಮೇಲೆ ಫೋರ್ಕಿನಿಂದ ಒತ್ತಿದ. ಗುಡ್ಡ ಕುಸಿದು, ಅದರ ದಾರವೆಲ್ಲ ಎಳೆಗಳ ಸಂದಿಯಲ್ಲಿ ಇಳಿದುಹೋಯಿತು.

ಸ್ಪ್ಯಾನರ್ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ದಾರ ನೆಟ್ಟಗೆ ಹೋಗಿರಲಿಲ್ಲ. ಒಂದು ಎಳೆ ಹತ್ತಿ, ಒಂದು ಎಳೆ ಇಳಿದು, ಅಂಕುಡೊಂಕಾಗಿ ಹೋಗಿತ್ತು. ಅಂಕುಡೊಂಕು ದಾರಿಗೆ ನೇರ ದಾರಿಗಿಂತ ಹೆಚ್ಚು ದಾರ ಬೇಕು. ಅವಳು ಎಳೆದು ನೆಟ್ಟಗೆ ಮಾಡಿದಾಗ ಆ ಹೆಚ್ಚಿನದು ಉಳಿಯುತ್ತಲೇ ಇರಲಿಲ್ಲ. ಪಾಪ, ಅಂಚಿನ ಎಳೆಗಳೇ ಒಳಗೆ ಸರಿದು ಜಾಗ ಬಿಡಬೇಕಾಗಿತ್ತು.

ಅವಳು ತನ್ನ ಮಗ್ಗ ಎತ್ತಿಕೊಂಡು ಬಿಚ್ಚತೊಡಗಿದಳು.

"ಅಯ್ಯೋ! ಎಲ್ಲಾನೂನಾ?" ಆಮೆಯ ಕಣ್ಣು ಅಗಲವಾಯಿತು.

"ಎಲ್ಲಾನೂ. ನೀನು ಉಂಡೆ ಸುತ್ತು."

ಹೊಸದಾಗಿ ಮೊದಲ ಸಾಲು ತೂರಿಸಿದಳು. ಕಿವಿ ಬರದ ಹಾಗೆ ಅಂಚಿನಲ್ಲಿ ಹೆಬ್ಬೆರಳಿನಿಂದ ದಾರ ಹಿಡಿದುಕೊಂಡಳು. ನಡುವೆ ಗುಡ್ಡ ಬಿಟ್ಟಳು. ಒತ್ತಿದಳು. ಎಳೆಯಬೇಕೆಂದು ಕೈ ತುರಿಸುತ್ತಿತ್ತು. ಐದನೇ ಸಾಲಿನಲ್ಲಿ ಕೈ ಮರೆತು ಎಳೆದೇಬಿಟ್ಟಿತು. ಆ ಸಾಲನ್ನು ಬಿಚ್ಚಿ ಮತ್ತೆ ಹಾಕಿದಳು. ಹತ್ತನೇ ಸಾಲಿಗೆ ಸ್ಕೇಲು ಇಟ್ಟಳು. ಹದಿನೈದು. ಯಾರಿಗೂ ಹೇಳದೆ ಮುಂದೆ ನೇಯ್ದಳು.

ಮನೆಯಲ್ಲಿ ಲೈಟು ಹಾಕುವ ಹೊತ್ತಿಗೆ ಕೊನೆಯ ಸಾಲು ಮುಗಿಯಿತು. ಅಪ್ಪ ತುಂಡನ್ನು ಎರಡೂ ಕಡೆಯಿಂದ ಹಿಡಿದು ಜಗ್ಗಿ ನೋಡಿದ.

"ಭಲೇ, ಒಳ್ಳೆ ಗಟ್ಟಿಯಾಗಿದೆ! ಯಾರು ಹೇಳ್ಕೊಟ್ರು?"

"ಆಮೆ."

"ನಾನಾ? ಯಾವಾಗ?" ಆಮೆ ಬಾಯಿ ಬಿಟ್ಟುಕೊಂಡು ಅಕ್ಕನನ್ನು ನೋಡಿದ. ಆಮೇಲೆ ತನ್ನ ಮಗ್ಗವನ್ನು ಮೆಲ್ಲಗೆ ಮುಂದೆ ಸರಿಸಿದ. "ಹಾಗಾದ್ರೆ ನಾನು ಬಿಚ್ಚೋದು ಬೇಡ್ವಾ ಅಕ್ಕಾ?"

ಸ್ಪ್ಯಾನರ್ ಅವನ ಬಟ್ಟೆಯ ಕಿವಿಗಳ ಮೇಲೆ ಬೆರಳಾಡಿಸಿದಳು. "ಬೇಡ" ಎಂದಳು.

ಅವನು ಕಡ್ಡಿಯನ್ನು ಮುಂದಿನ ಸಾಲಿಗೆ ತೂರಿಸಿದ. ದಾರ ಬಾಗಿ ನಿಂತಿತು. ಈ ಸಲ ಗುಡ್ಡ ಸ್ವಲ್ಪ ಜಾಸ್ತಿಯೇ ದೊಡ್ಡದು. 'ಎಳಿ' ಎನ್ನುವ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂತು. ಅವನು ಹುಡುಕಿ, ಮೂಗು ಕೆರೆದುಕೊಂಡು, ಮತ್ತೆ ಹುಡುಕಿ ಫೋರ್ಕು ಕೈಗೆತ್ತಿಕೊಳ್ಳುವವರೆಗೂ ಪಕ್ಕದಲ್ಲೇ ಕೂತು ಕಾದಳು.