ಸೋಪಿನ ವಾಸನೆಯ ನಶ್ಯ

ಏಳು ಕೆರೆ ದಾಟಿ, ಎಂಟನೆಯ ಕೆರೆಯ ದಡದಲ್ಲಿ, ಕಶೂಬರೆಂಬ ಜನರ ನಾಡಿನ ಒಂದು ಊರಿನಲ್ಲಿ ಒಂದು ಪುಟ್ಟ ಮರದ ಡಬ್ಬಿ ಇತ್ತಂತೆ. ಡಬ್ಬಿಗೆ ಒಂದು ಜಾರುವ ಮುಚ್ಚಳ. ಮುಚ್ಚಳಕ್ಕೆ ಒಬ್ಬ ಅಜ್ಜ. ಅಜ್ಜನಿಗೆ ಒಬ್ಬಳು ಮೊಮ್ಮಗಳು.

ಆ ಮೊಮ್ಮಗಳು ಡೋರ್ಕಾ. ಅವಳ ಅಜ್ಜಿ ಬದುಕಿದ್ದಿದ್ದರೆ ಕತೆಯನ್ನು ಹೀಗೇ ಶುರು ಮಾಡುತ್ತಿದ್ದಳು. ಎರಡನೆಯ ಮಾತಿಗೆಲ್ಲ ಆ ಡಬ್ಬಿಯೊಳಗೆ ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಕುಳ್ಳನನ್ನು ಕೂರಿಸಿಬಿಡುತ್ತಿದ್ದಳು.

ಆದರೆ ಈ ಡಬ್ಬಿಯೊಳಗೆ ಇದ್ದದ್ದು ಬರೀ ನಶ್ಯ. ಅದೂ ಈಗ ಡಬ್ಬಿಯಲ್ಲಿರಲಿಲ್ಲ. ಅಷ್ಟೂ ಅಜ್ಜನ ಗೆಳೆಯ ಆಲ್ಫೋನ್ಸ್ ತಾತನ ಕರಿ ಕೋಟಿನ ಮೇಲಿತ್ತು.

"ಹಚ್ಛೀ! ಹಚ್ಛೀ! ಅಯ್ಯಯ್ಯೋ... ಹಚ್ಛೀ!"

ಚರ್ಚಿನಿಂದ ಹೊರಗೆ ಬರುತ್ತಿದ್ದವರೆಲ್ಲ ನಿಂತು ನೋಡಿದರು. ಮುಚ್ಚಳ ಬೆಂಚಿನ ಕೆಳಗೆ ಒದ್ದೆ ಎಲೆಗಳ ಮೇಲೆ ಬಿದ್ದಿತ್ತು.

"ಆಲ್ಫೋನ್ಸ್ ತಾತಂಗೆ ಮಸಾಲೆ ಹಚ್ಚಾಯ್ತು! ಇನ್ನು ಮೀನಿನ ಹಾಗೆ ಹೊಗೆಗೆ ಹಾಕೋದೊಂದೇ ಬಾಕಿ!" ಎಂದು ಡೋರ್ಕಾಳ ಕ್ಲಾಸಿನ ಫ್ರಾನೆಕ್ ಕೂಗಿದ. ಎಲ್ಲರೂ ನಕ್ಕರು. ಆಲ್ಫೋನ್ಸ್ ತಾತನೂ ಸೀನುತ್ತಲೇ ನಕ್ಕ.

ಅಜ್ಜ ಮಾತ್ರ ನಗಲಿಲ್ಲ. ಖಾಲಿ ಡಬ್ಬಿ ಹಿಡಿದಿದ್ದ ತನ್ನ ಬಲಗೈಯನ್ನೇ ನೋಡುತ್ತಿದ್ದ. ಆ ಕೈ ಬೇಸಿಗೆಯಿಂದೀಚೆಗೆ ಸ್ವಲ್ಪ ಸ್ವಲ್ಪ ನಡುಗುತ್ತಿತ್ತು.

"ಕೈ ಹೋಯ್ತು ಕಣೋ ಆಲ್ಫೋನ್ಸ್," ಅಂದ.

"ಎಲ್ಲಿಗೆ ಹೋಗತ್ತೆ? ತೋಳಿಗೆ ಅಂಟ್ಕೊಂಡೇ ಇದೆಯಲ್ಲೋ ಬ್ರೂನೊ!"

ಅಜ್ಜ ಮುಚ್ಚಳ ಹೆಕ್ಕಿ ಜೇಬಿಗೆ ಹಾಕಿಕೊಂಡ. "ನಡಿಯೇ ಡೋರ್ಕಾ, ಮನೆಗೆ ಹೋಗೋಣ," ಅಂದ.

ದಾರಿಯುದ್ದಕ್ಕೂ ಡೋರ್ಕಾ ತನ್ನ ಬೂಟುಗಳನ್ನೇ ನೋಡುತ್ತ ನಡೆದಳು. ತಪ್ಪು ಕೈಯದಲ್ಲ ಎಂದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಹಿಂದಿನ ವಾರ ಸತ್ತವರ ಹಬ್ಬ ಬಂದಿತ್ತು. ಆ ಹಬ್ಬಕ್ಕೆ ಊರಿನವರೆಲ್ಲ ಸಮಾಧಿಗಳನ್ನು ತಿಕ್ಕಿ ತೊಳೆದು ಮೇಣದ ದೀಪ ಹಚ್ಚುತ್ತಾರೆ. ಅಮ್ಮನ ಜೊತೆ ಡೋರ್ಕಾಳೂ ಅಜ್ಜಿಯ ಕಲ್ಲನ್ನು ಬ್ರಷ್ ಹಾಕಿ ಉಜ್ಜಿದ್ದಳು. "ಎಷ್ಟು ಚೆನ್ನಾಗಿ ತೊಳೀತೀಯೇ!" ಎಂದು ಅಮ್ಮ ಹೊಗಳಿದ್ದೇ ತಡ, ಮನೆಗೆ ಬಂದ ಮೇಲೂ ಅವಳ ಕೈ ಸುಮ್ಮನಿರಲಿಲ್ಲ. ಅಜ್ಜ ಊಟ ಮಾಡಿ ಮಲಗಿದ್ದ. ಡಬ್ಬಿ ಕಿಟಕಿಯ ಕಟ್ಟೆಯ ಮೇಲಿತ್ತು.

ಎಂಥ ಕೊಳಕು ಡಬ್ಬಿ! ಮುಚ್ಚಳ ಜಾರುವ ಸಂದಿಯ ತುಂಬ ಕಪ್ಪಗೆ, ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ಡೋರ್ಕಾ ನಶ್ಯವನ್ನು ಒಂದು ಲೋಟಕ್ಕೆ ಸುರಿದುಕೊಂಡಳು. ಕಂಪಾಸಿನ ಮುಳ್ಳಿನಿಂದ ಕಪ್ಪನ್ನೆಲ್ಲ ಕೆರೆದು ಕೆರೆದು ತೆಗೆದಳು. ಡಬ್ಬಿಯನ್ನು ನೇರಳೆ ಹೂವಿನ ಸೋಪು ಹಚ್ಚಿ ತೊಳೆದಳು. ಆಮೇಲೆ ಬೇಗ ಒಣಗಲಿ ಎಂದು ಬಿಸಿ ಹೆಂಚಿನ ಒಲೆಯ ಮೇಲಿಟ್ಟಳು. ಅಜ್ಜ ಏಳುವಷ್ಟರಲ್ಲಿ ನಶ್ಯ ಮತ್ತೆ ಡಬ್ಬಿ ಸೇರಿತ್ತು.

ಮೊದಲು ಆ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ತಳ್ಳಬೇಕಿತ್ತು. ಈಗ ಡಬ್ಬಿ ಓರೆ ಮಾಡಿದರೆ ಸಾಕು, ತಾನೇ ಜಾರುತ್ತಿತ್ತು. 'ಹೇಳಬೇಕು' ಎಂದು ಡೋರ್ಕಾ ಅಂದುಕೊಂಡಳು. 'ನಾಳೆ ಹೇಳ್ತೀನಿ.' ನಾಳೆ ನಾಳೆ ಎನ್ನುತ್ತ ಭಾನುವಾರ ಬಂದುಬಿಟ್ಟಿತ್ತು.

ಚರ್ಚಿನಿಂದ ಮನೆಗೆ ಬಂದದ್ದೇ ಅಜ್ಜ ಡಬ್ಬಿಯನ್ನು ಮೇಜಿನ ಡ್ರಾಯರಿಗೆ ಹಾಕಿ ತಳ್ಳಿದ.

"ಅಜ್ಜಾ, ನಾನು ರಿಪೇರಿ ಮಾಡ್ತೀನಿ," ಎಂದಳು ಡೋರ್ಕಾ.

"ಕೆಟ್ಟಿರೋದು ಡಬ್ಬಿ ಅಲ್ಲ ಪುಟ್ಟಾ, ಕೈ. ಕೈ ರಿಪೇರಿ ಮಾಡ್ತೀಯಾ?"

"ಮಾಡ್ತೀನಿ. ಪ್ರಾಮಿಸ್."

ಅಜ್ಜ ಅವಳ ತಲೆ ಸವರಿ ಕಿಟಕಿಯ ಕಡೆ ತಿರುಗಿ ಕುಳಿತ. ಆ ತಲೆ ಸವರಿದ್ದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಆ ವಾರವೆಲ್ಲ ಮಂಜು. ಕೆರೆ ಯಾವುದು, ಆಕಾಶ ಯಾವುದು ಎಂದು ತಿಳಿಯುತ್ತಿರಲಿಲ್ಲ. ಅಜ್ಜ ಮನೆ ಬಿಟ್ಟು ಹೊರಡಲೇ ಇಲ್ಲ. ದಿನಾ ಸಂಜೆ ದೋಣಿಕಟ್ಟೆಯ ಬೆಂಚಿಗೆ ಹೋಗುತ್ತಿದ್ದವನು ಈಗ ಆಲೂಗೆಡ್ಡೆ ಸೂಪು ಕುಡಿಯುವುದು, ಕಿಟಕಿಯ ಹತ್ತಿರ ಕೂರುವುದು, ಅಷ್ಟೇ.

ಡಬ್ಬಿ ಇಲ್ಲದೆ ಬೆಂಚಿಗೆ ಹೋಗುವುದಾದರೂ ಹೇಗೆ? ಅಲ್ಲಿ ಕೂತವರು ಒಬ್ಬರಿಗೊಬ್ಬರು ನಶ್ಯ ನೀಡುತ್ತಾರೆ. ಮೊದಲು ಬೆರಳಿನಿಂದ ಮುಚ್ಚಳವನ್ನು ಎರಡು ಸಲ ತಟ್ಟಬೇಕು. ಆಮೇಲೆ ತೆರೆದು, ಮೊದಲು ಪಕ್ಕದವನಿಗೆ ನೀಡಿ, ಕೊನೆಗೆ ತಾನು ಏರಿಸಬೇಕು. ನೀಡದೆ ಬರೀ ತೆಗೆದುಕೊಳ್ಳುವವನಿಗೆ ಅಲ್ಲಿ ಮರ್ಯಾದೆಯಿಲ್ಲ. ನೀಡಿದ್ದನ್ನು ಬೇಡ ಅನ್ನುವುದಂತೂ ಕೆನ್ನೆಗೆ ಹೊಡೆದ ಹಾಗೆ.

ಬುಧವಾರ ಆಲ್ಫೋನ್ಸ್ ತಾತನೇ ಮನೆಗೆ ಬಂದ. ತನ್ನ ಕೊಂಬಿನ ಡಬ್ಬಿ ತೆಗೆದು ಎರಡು ಸಲ ತಟ್ಟಿ ಮುಂದೆ ಹಿಡಿದ.

"ಬೇಡ," ಎಂದ ಅಜ್ಜ.

ಅಮ್ಮ ತಟ್ಟೆ ತೊಳೆಯುತ್ತಿದ್ದವಳು ಹಾಗೇ ನಿಂತಳು.

"ಏನಂದೆ?" ಎಂದ ಆಲ್ಫೋನ್ಸ್ ತಾತ.

"ಬೇಡ ಅಂದೆ. ವಾಪಸ್ ಕೊಡೋಕೆ ನನ್ನ ಹತ್ರ ಏನಿದೆ?"

ಆಲ್ಫೋನ್ಸ್ ತಾತನ ಕಿವಿ ಕೆಂಪಾಯಿತು. ಅವನು ಡಬ್ಬಿ ಜೇಬಿಗಿಟ್ಟು, ಟೋಪಿ ಹಾಕಿಕೊಂಡು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ. ದಡಾರನೆ ಹಾಕಿದ್ದರೇ ಚೆನ್ನಾಗಿತ್ತು ಅನಿಸಿತು ಡೋರ್ಕಾಳಿಗೆ.

ಅವತ್ತು ಅವಳು ಹೋಮ್‌ವರ್ಕ್ ಪಕ್ಕಕ್ಕಿಟ್ಟು ಡ್ರಾಯರಿನಿಂದ ಡಬ್ಬಿ ತೆಗೆದಳು. ನೋಟ್‌ಬುಕ್ಕಿನ ಹಾಳೆ ಹರಿದು ಸಣ್ಣಗೆ ಮಡಚಿ, ಗ್ಲೂ ಸ್ಟಿಕ್ ಬಳಿದು ಸಂದಿಯೊಳಗೆ ತುರುಕಿದಳು. ಮುಚ್ಚಳ ನಿಂತಿತು! ಕುಣಿಯುವಷ್ಟು ಖುಷಿ. ಎರಡನೆಯ ಸಲ ತೆರೆದಾಗ ಕಾಗದ ಮುದುಡಿಕೊಂಡು ಹೊರಗೆ ಬಂತು. ಮೂರನೆಯ ಸಲ ಮುಚ್ಚಳ ಟಪ್ಪನೆ ತೊಡೆಯ ಮೇಲೆ ಬಿತ್ತು.

ಮರುದಿನ ಸ್ಕೂಲ್ ಬಿಟ್ಟವಳೇ ಆಲ್ಫೋನ್ಸ್ ತಾತನ ಶೆಡ್ಡಿಗೆ ಓಡಿದಳು. ಅವನು ದೋಣಿ ರಿಪೇರಿ ಮಾಡುವವನು. ಮಗುಚಿ ಹಾಕಿದ ಒಂದು ದೋಣಿಯ ಹೊಟ್ಟೆಗೆ ಟಾರು ಬಳಿಯುತ್ತಿದ್ದ.

"ಅಜ್ಜ ಕಳಿಸಿದ್ನಾ?" ತಿರುಗಿ ನೋಡದೆ ಕೇಳಿದ.

"ಇಲ್ಲ."

"ಹಾಗಾದ್ರೆ ಬಾಗಿಲು ಹಾಕು. ಚಳಿ."

ಡೋರ್ಕಾ ಬಾಗಿಲು ಹಾಕಿದಳು. ಆಮೇಲೆ, ದೋಣಿಯ ಬೆನ್ನಿಗೆ ಹೇಳುವವಳ ಹಾಗೆ, ಎಲ್ಲವನ್ನೂ ಹೇಳಿದಳು. ಕಂಪಾಸು, ಸೋಪು, ಒಲೆ, ನಾಳೆ ನಾಳೆ, ಎಲ್ಲ. ಕೊನೆಗೆ ಡಬ್ಬಿಯನ್ನು ಮುಂದೆ ಹಿಡಿದಳು.

ಆಲ್ಫೋನ್ಸ್ ತಾತ ಬ್ರಷ್ ಕೆಳಗಿಟ್ಟ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಮೂಸಿದ.

"ಅಯ್ಯೋ ಹುಡುಗಿ! ಮರಕ್ಕೆ ಸ್ನಾನ ಮಾಡ್ಸಿ ಒಲೆ ಮೇಲೆ ಮಲಗ್ಸಿದ್ಯಲ್ಲೇ! ಒಣಗಿ ಕುಗ್ಗದೆ ಇನ್ನೇನಾಗತ್ತೆ? ನಾನು ನನ್ನ ದೋಣಿಗಳಿಗೆ ಹೀಗೆ ಮಾಡಿದ್ರೆ ಊರೆಲ್ಲ ಮುಳುಗ್ತಿತ್ತು."

"ಕೊಳೆ ತೆಗೆದೆ ಅಷ್ಟೇ..."

"ಕೊಳೆ ಅಲ್ಲ ಮಾರಾಯ್ತಿ. ಅದು ನಶ್ಯ. ನಿಮ್ಮ ಮುತ್ತಜ್ಜ ಈ ಡಬ್ಬಿ ಕೆತ್ತಿದ ದಿನದಿಂದ ಒಂದೊಂದೇ ಚಿಟಿಕೆ ಸೇರಿ ಸೇರಿ ಗಟ್ಟಿಯಾಗಿದ್ದು. ಮುಚ್ಚಳಾನ ಹಿಡ್ಕೊಂಡಿದ್ದೇ ಅದು."

ಡೋರ್ಕಾಳಿಗೆ ಅಳು ಬಂತು. ಮುತ್ತಜ್ಜನನ್ನು ಅವಳು ನೋಡಿರಲಿಲ್ಲ. ಅವನ ಚಿಟಿಕೆಗಳನ್ನೆಲ್ಲ ಸಿಂಕಿನಲ್ಲಿ ಹರಿಯಲು ಬಿಟ್ಟಿದ್ದಳು.

"ನಿಮ್ಮನೇಲಿ ಹೊಗೆಸೊಪ್ಪು ಅರೆಯೋ ಕೋಲಿದೆಯಲ್ಲ, ಅದೂ ಈ ಡಬ್ಬಿಯ ಹಾಗೆ ಜುನಿಪರ್ ಮರದ್ದೇ," ಎಂದ ಆಲ್ಫೋನ್ಸ್ ತಾತ. "ಹೋಗು, ತಗೊಂಬಾ. ಅಳೋದಿದ್ರೆ ದಾರೀಲಿ ಅತ್ಕೊಂಡು ಬಾ. ಇಲ್ಲಿ ನೀರು ಬಿದ್ರೆ ಟಾರು ಹಿಡಿಯಲ್ಲ."

ಅವಳು ಕೋಲು ತಂದಳು. ತಾತ ಅವಳ ಕೈಗೆ ಸಣ್ಣ ಉಳಿ ಕೊಟ್ಟ.

"ನೀವು ಮಾಡಿ ತಾತ. ನಾನು ಕೆಡಿಸಿಬಿಡ್ತೀನಿ."

"ಪ್ರಾಮಿಸ್ ಮಾಡಿದ್ದು ಯಾರು, ನಾನಾ?"

ಕೋಲಿನ ಬದಿಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಒಂದು ಪಟ್ಟಿ ತೆಗೆಯಬೇಕಿತ್ತು. ಮೊದಲನೆಯದು ದಪ್ಪವಾಯಿತು. ಎರಡನೆಯದು ಮುರಿಯಿತು. ಐದನೆಯದು ಸುರುಳಿ ಸುತ್ತಿಕೊಂಡು ಹಾರಿಹೋಯಿತು. ಒಂಬತ್ತನೆಯದು ಸರಿಯಾಗಿ ಬಂತು. ಶೆಡ್ಡಿನ ತುಂಬ ಟಾರಿನ ವಾಸನೆಯ ನಡುವೆ ಕಾಡಿನ ಘಮ ಎದ್ದಿತು. ಆ ಪಟ್ಟಿಯನ್ನು ಬಿಸಿ ಅಂಟಿನಿಂದ ಮುಚ್ಚಳದ ಅಂಚಿಗೆ ಅಂಟಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಕಚ್ಚಿಸಿದಳು.

"ನಾಳೆ ಬಾ," ಎಂದ ತಾತ. "ಈ ಸಲ ನಾಳೆ ಅಂದ್ರೆ ನಾಳೆ."

ನಾಳೆ ಬಂತು. ಈಗ ಮುಚ್ಚಳ ಡಬ್ಬಿಯೊಳಕ್ಕೆ ಹೋಗಲೇ ಒಲ್ಲದು!

"ಉಜ್ಜು. ಮೂರು ಸಲ ಉಜ್ಜು, ಒಂದು ಸಲ ಹಾಕಿ ನೋಡು. ಮತ್ತೆ ಮೂರು ಸಲ."

"ಹತ್ತು ಸಲ ಉಜ್ಜಿದ್ರೆ ಬೇಗ ಆಗತ್ತಲ್ವಾ?"

"ಆಗತ್ತೆ. ಡಬ್ಬೀನ ಒಲೆ ಮೇಲಿಟ್ರೂ ಬೇಗ ಒಣಗತ್ತೆ."

ಡೋರ್ಕಾ ತುಟಿ ಕಚ್ಚಿಕೊಂಡು ಉಜ್ಜಿದಳು. ಮೂರು ಸಲ. ಒಂದು ಸಲ. ಮೂರು ಸಲ. ಒಂದು ಸಲ. ಕೊನೆಗೆ ಹಬ್ಬಕ್ಕೆ ತಂದು ಉಳಿದಿದ್ದ ಮೇಣದ ತುಂಡನ್ನು ಅಂಚಿಗೆ ಸವರಿದಳು. ಮುಚ್ಚಳ ಸಂದಿಯಲ್ಲಿ ಸಾಗಿ ತುದಿ ಮುಟ್ಟಿ ನಿಂತಿತು. ಓರೆ ಮಾಡಿದಳು. ಅಲ್ಲಾಡಿಸಿದಳು. ತಲೆಕೆಳಗು ಮಾಡಿದಳು. ಬೀಳಲಿಲ್ಲ.

"ತಾತ, ಮುಚ್ಚಳ ಸರಿಹೋಯ್ತಲ್ಲ. ಇನ್ನು ಕೈಯೂ ಸರಿಹೋಗತ್ತೆ ಅಲ್ವಾ?"

ಆಲ್ಫೋನ್ಸ್ ತಾತ ಬೆಂಚಿನ ಮೇಲಿನ ಮರದ ಪುಡಿಯನ್ನು ಊದಿದ. ಇನ್ನೊಂದು ಸಲ ಊದಿದ. ಊದಲು ಅಲ್ಲಿ ಏನೂ ಉಳಿದಿರಲಿಲ್ಲ.

"ನಡಿ," ಅಂದ. "ಗೇಟಿನ ತನಕ ಬರ್ತೀನಿ. ಒಳಗೆ ಬರಲ್ಲ. ಕರೆದ್ರೆ ಅವನೇ ಕರೀಬೇಕು."

ಅಜ್ಜ ಕಿಟಕಿಯ ಹತ್ತಿರವೇ ಕೂತಿದ್ದ. ಡೋರ್ಕಾ ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟಳು. ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಮರೆತೇಹೋದವು.

"ನಿಂಗೆ ಗೊತ್ತಾಗದ ಹಾಗೆ ತೊಳೆದೆ," ಎಂದಳು. "ಸೋಪು ಹಾಕಿ. ಕಪ್ಪಗಿದ್ದದ್ದನ್ನೆಲ್ಲ ಕೆರೆದುಬಿಟ್ಟೆ. ಒಲೆ ಮೇಲಿಟ್ಟೆ. ಅವತ್ತು ಚೆಲ್ಲಿದ್ದು ನಿನ್ನಿಂದ ಅಲ್ಲ ಅಜ್ಜಾ."

ಅಜ್ಜ ಡಬ್ಬಿಯ ಸಂದಿಯೊಳಗೆ ಉಗುರು ಆಡಿಸಿ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ನಮ್ಮಪ್ಪಂದು," ಎಂದು ತನಗೇ ಹೇಳಿಕೊಂಡ.

ಡೋರ್ಕಾ ಬೈಗುಳಕ್ಕಾಗಿ ಕಾದಳು.

"ಯಾವ ಸೋಪು?"

"ನೇರಳೆ ಸೋಪು."

"ಓ!" ಅಜ್ಜ ಕತ್ತೆತ್ತಿದ. "ಅದಕ್ಕೇ! ಹೋದ ವಾರವೆಲ್ಲ ನಶ್ಯ ಏರಿಸಿದಾಗ ಹೂವಿನ ವಾಸನೆ ಬರ್ತಿತ್ತು. ಕೈ ಜೊತೆ ಮೂಗೂ ಹೋಯ್ತು ಅಂದ್ಕೊಂಡಿದ್ದೆ ಕಣೇ. ಯಾರಿಗೂ ಹೇಳಿರ್ಲಿಲ್ಲ."

ಅವನ ಭುಜ ಕುಲುಕಿತು. ನಗುವೋ ಅಳುವೋ ಡೋರ್ಕಾಳಿಗೆ ತಿಳಿಯಲಿಲ್ಲ. ಆಮೇಲೆ ಅವನು ಕಿಟಕಿಯ ಗಾಜು ಒರೆಸಿ ಹೊರಗೆ ನೋಡಿದ.

"ಗೇಟಿಗೆ ಒರಗಿಕೊಂಡಿರೋ ಆ ಗೂಬೆ ಯಾರು?"

"ಆಲ್ಫೋನ್ಸ್ ತಾತ. ಒಳಗೆ ಬರಲ್ವಂತೆ."

"ಬರದೆ ಏನು ಮಾಡ್ತಾನೆ, ಮಂಜಲ್ಲಿ ನೆನೆದು ಸಾಯ್ತಾನಾ? ನನ್ನ ಕೋಟು ತಾ."

ಅಜ್ಜ ಜಾಡಿಯಿಂದ ಡಬ್ಬಿಗೆ ಹೊಸ ನಶ್ಯ ತುಂಬಿಕೊಂಡ. ಮೆಟ್ಟಿಲಿಳಿದು ಗೇಟಿನ ತನಕ ನಡೆದ. ಇಬ್ಬರು ಮುದುಕರೂ ಎದುರುಬದುರು ನಿಂತರು.

ಅಜ್ಜ ಮುಚ್ಚಳವನ್ನು ಎರಡು ಸಲ ತಟ್ಟಿದ. ಹೆಬ್ಬೆರಳಿನಿಂದ ತಳ್ಳಿದ. ಮುಚ್ಚಳ ಎಷ್ಟು ಬೇಕೋ ಅಷ್ಟೇ ಸರಿದು ನಿಂತಿತು. ಅವನು ಡಬ್ಬಿಯನ್ನು ಮುಂದೆ ಹಿಡಿದ.

ಕೈ ನಡುಗಿತು. ಭಾನುವಾರ ನಡುಗಿದ ಹಾಗೆಯೇ. ಸ್ವಲ್ಪ ಹೆಚ್ಚೇ ಇರಬೇಕು.

ಡೋರ್ಕಾಳಿಗೆ ಓಡಿಹೋಗಿ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕು ಅನಿಸಿತು. ಆಲ್ಫೋನ್ಸ್ ತಾತನನ್ನು ನೋಡಿದಳು. ಅವನು ಕೈ ನಡುಗುತ್ತಿರುವುದು ತನಗೆ ಕಾಣುತ್ತಲೇ ಇಲ್ಲ ಎಂಬ ಹಾಗೆ, ನಿಧಾನವಾಗಿ, ಡಬ್ಬಿ ಎತ್ತ ಹೋದರೆ ಅತ್ತ ಬೆರಳು ಒಯ್ದು ಒಂದು ಚಿಟಿಕೆ ತೆಗೆದುಕೊಂಡ.

ಡೋರ್ಕಾ ಮೆಲ್ಲಗೆ ತನ್ನ ಕೈಗಳನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡಳು.

ಅಜ್ಜನ ಹೆಬ್ಬೆರಳು ಮುಚ್ಚಳವನ್ನು ಹುಡುಕಿತು. ಒಂದು ಸಲ ತಪ್ಪಿತು. ಇನ್ನೊಂದು ಸಲ ತಪ್ಪಿತು. ಯಾರೂ ಅವಸರ ಮಾಡಲಿಲ್ಲ. ಮೂರನೆಯ ಸಲ ಸಿಕ್ಕಿತು. ಅವನು ಒತ್ತಿ ತಳ್ಳಿದ. ಜುನಿಪರ್ ಪಟ್ಟಿಯ ಮೇಲೆ ಮುಚ್ಚಳ ಬಿಗಿಯಾಗಿ ಸಾಗಿ ತುದಿ ಮುಟ್ಟಿತು.

ಟಕ್.